ಕಳಸದ ಒರತೆಯಲ್ಲಿ ಕಂಡ ‘ಪೆಟ್ರೋಲ್’

ಕಳಸದ ನಮ್ಮ ಚಿಕ್ಕಪ್ಪ ಮೊನ್ನೆ ತೋಟದ ಕೆಳಗಿನ ಒರತೆಗೆ ಕರ್ಕೊಂಡು ಹೋದ್ರು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. "ಪೆಟ್ರೋಲ್ ಕಣೋ! ಎರಡೆಕರೆ ಮಾರಿ ಬೋರ್ ಹೊಡೆಸ್ತೀನಿ" ಅಂದ್ರು. ನಾನು ಕಡ್ಡಿಯಿಂದ ಕಲಕಿದೆ. ಪೊರೆ ಚೂರುಚೂರಾಯ್ತು. ಎಣ್ಣೆಯಾಗಿದ್ರೆ ಮತ್ತೆ ಕೂಡಿಕೊಳ್ತಿತ್ತು; ಇದು ಕಬ್ಬಿಣ ತಿನ್ನೋ ಬ್ಯಾಕ್ಟೀರಿಯಾದ ಕೆಲಸ.

"ಆಳದಲ್ಲಿ ಇದ್ರೆ?" ಅಂದ್ರು ಚಿಕ್ಕಪ್ಪ. ಒಳ್ಳೇ ಪ್ರಶ್ನೆ.

1971ರಲ್ಲಿ ಸೋವಿಯತ್ ಭೂವಿಜ್ಞಾನಿ ಲೋಪಾಟಿನ್ ಒಂದು ಲೆಕ್ಕ ಕೊಟ್ಟ. ಹೂತುಹೋದ ಕೆಸರು ಎಷ್ಟು ಕಾಲ, ಎಷ್ಟು ಬಿಸಿಯಲ್ಲಿತ್ತು ಅಂತ ಗೊತ್ತಾದರೆ ಎಣ್ಣೆ ಆಗಿದೆಯೋ ಇಲ್ಲವೋ ಹೇಳಬಹುದು. ಪ್ರತಿ 10 ಡಿಗ್ರಿಗೆ ವೇಗ ಎರಡು ಪಟ್ಟು. ಕಾಗದ, ಪೆನ್ಸಿಲ್ ಸಾಕಿತ್ತು. ಕಂಪ್ಯೂಟರ್ ಬಂದಮೇಲೆ ಒಂದೇ ಬಾವಿಯ ಲೆಕ್ಕ ಹೋಗಿ, ಎಣ್ಣೆ ಎಲ್ಲಿ ಹುಟ್ಟಿತು, ಯಾವ ಪದರ ಹಿಡಿದು ಹರಿಯಿತು, ಎಲ್ಲಿ ಸಿಕ್ಕಿಕೊಂಡಿತು ಅನ್ನೋದನ್ನ ಮೂರು ಆಯಾಮದಲ್ಲಿ ನೋಡುವಂತಾಯಿತು.

ನಮ್ಮ ಬಂಡೆಗೆ ಅಷ್ಟೆಲ್ಲ ಬೇಡ. ಎಣ್ಣೆ ಹುಟ್ಟೋದು ಸುಮಾರು 60ರಿಂದ 120 ಡಿಗ್ರಿಯಲ್ಲಿ. ಕುದುರೆಮುಖದ ಕಲ್ಲು 250 ಕೋಟಿ ವರ್ಷಕ್ಕೂ ಹಳೇದು, 300 ಡಿಗ್ರಿ ದಾಟಿ ಬೆಂದದ್ದು. ಕಾಫಿಬೀಜ ಬಾಂಡ್ಲಿಯಲ್ಲೇ ಮರೆತರೆ ಇದ್ದಲಾಗುತ್ತಲ್ಲ, ಹಾಗೆ.

ಎಣ್ಣೆಯ ದುಡ್ಡು ಮಾತ್ರ ಈ ಗುಡ್ಡಕ್ಕೆ ಬಂದಿತ್ತು! 1976ರಲ್ಲಿ ಹುಟ್ಟಿದ ಕುದುರೆಮುಖ ಗಣಿ ಕಂಪನಿ ಇರಾನಿನ ಸಾಲ ನಂಬಿಕೊಂಡಿತ್ತು. 1979ರ ಕ್ರಾಂತಿ ಆದ್ಮೇಲೆ ಅದಿರು ಕೊಳ್ಳಬೇಕಿದ್ದ ಇರಾನೇ ಹಿಂದೆ ಸರಿಯಿತು.

ಇದನ್ನ ಕೇಳಿ ಚಿಕ್ಕಪ್ಪ ಬಹಳ ಹೊತ್ತು ಸುಮ್ಮನಿದ್ರು. ಎರಡೆಕರೆ ಉಳೀತು. ಒರತೆಗೆ ಈಗ ಪೈಪ್ ಹಾಕಿದ್ದಾರೆ, ಕಾಳುಮೆಣಸಿನ ಬಳ್ಳಿಗೆ.