ಬಿಸಿಲ ನಾಡಲ್ಲೂ ವಿಟಮಿನ್ ಡಿ ಕೊರತೆ: ಯಾಕೆ, ಏನು ಮಾಡಬೇಕು?

ಬಳಗಾನೂರು: ಮಸ್ಕಿ, ಸಿಂಧನೂರು, ಲಿಂಗಸುಗೂರು ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ಊರಾಗ ಇದ್ದವರಿಗೆ ‘ನಿಮಗ ವಿಟಮಿನ್ ಡಿ ಕಡಿಮಿ ಐತಿ’ ಅಂದರೆ ನಂಬುವುದು ಕಷ್ಟ. ಆದರೆ ಬಿಸಿಲಿನ ಕಾವಿನಿಂದ ಡಿ ಬರುವುದಿಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಬಿ ಕಿರಣ ಬರಿ ಚರ್ಮದ ಮೇಲೆ ಬಿದ್ದರೆ ಮಾತ್ರ ದೇಹ ಅದನ್ನು ತಯಾರಿಸಿಕೊಳ್ಳುತ್ತದೆ. ಕಿಟಕಿಯ ಗಾಜು ದಾಟಿ ಈ ಕಿರಣ ಬರುವುದಿಲ್ಲ, ಬಟ್ಟೆಯೂ ತಡೆಯುತ್ತದೆ. ಭತ್ತ ನಾಟಿಗೆ ಹೋಗುವ ಹೆಣ್ಣುಮಕ್ಕಳು ಸೀರೆ ಮೇಲೆ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿರುತ್ತಾರೆ. ದಿನವಿಡೀ ಹೊಲದಲ್ಲಿದ್ದರೂ ಬಿಸಿಲು ತಾಗುವುದು ಮುಖ, ಅಂಗೈಗಷ್ಟೇ.

ಆಂಧ್ರದ ತಿರುಪತಿಯ ಸ್ವಿಮ್ಸ್ ವೈದ್ಯರ ಅಧ್ಯಯನಗಳಲ್ಲಿ ಹೊಲದಲ್ಲಿ ದುಡಿಯುವ ಹಳ್ಳಿ ಜನರಿಗೆ ಪೇಟೆಯವರಿಗಿಂತ ಹೆಚ್ಚು ಡಿ ಇತ್ತು. ಆದರೂ ಹಳ್ಳಿಯ ಬಹಳ ಜನರಲ್ಲಿ ಅದು ಸಾಲುವಷ್ಟು ಇರಲಿಲ್ಲ.

ಎಳೆ ಬಿಸಿಲು ಒಳ್ಳೇದು ಅನ್ನೋ ಮಾತು ಎಲ್ಲ ಕಡೆ ಇದೆ. ಈ ವಿಷಯದಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಬಿ ಕಿರಣ ಬಹಳ ಕಡಿಮೆ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡ ಆದ ಮೇಲಿನ ಬಿಸಿಲೇ ಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಅದು ಬೆಳಿಗ್ಗೆ 9.30ರ ಹೊತ್ತಿಗೇ ಸಿಗುತ್ತದೆ, ಡಿಸೆಂಬರ್‌ನಲ್ಲಿ 11 ಗಂಟೆ ಆಗಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ನಿಲ್ಲುವ ಅಗತ್ಯವೇ ಇಲ್ಲ. ಕೈಕಾಲು ಬಿಸಿಲಿಗೆ ಒಡ್ಡಿ ಸ್ವಲ್ಪ ಹೊತ್ತು ಕೂತರೆ ಆಯಿತು. ಮೈಬಣ್ಣ ಕಪ್ಪಿದ್ದವರಿಗೆ ಹೆಚ್ಚು ಹೊತ್ತು ಬೇಕು.

ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ಡಿ ಬೇಕು. ಅದಿಲ್ಲದಿದ್ದರೆ ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುತ್ತವೆ (ರಿಕೆಟ್ಸ್). ದೊಡ್ಡವರಿಗೆ ಸೊಂಟ, ತೊಡೆಯಲ್ಲಿ ನೋವು; ಕುಕ್ಕರಗಾಲಲ್ಲಿ ಕೂತವರು ಎದ್ದೇಳಲು ಒದ್ದಾಡುತ್ತಾರೆ. ಮೊಟ್ಟೆಯ ಹಳದಿ, ಮೀನು ಬಿಟ್ಟರೆ ನಮ್ಮ ಊಟದಲ್ಲಿ ಡಿ ಅಷ್ಟಕ್ಕಷ್ಟೇ. ‘+ಎಫ್’ ಗುರುತಿನ ಹಾಲು, ಎಣ್ಣೆಯಲ್ಲಿ ಮಾತ್ರ ಸೇರಿಸಿರುತ್ತಾರೆ. ಐಸಿಎಂಆರ್ 2020ರಲ್ಲಿ ಹೇಳಿದಂತೆ ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಬೇಕು.

ಬಾಣಂತಿ ಕೋಣೆಯ ಕೂಸುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ತಾಯಿಗೂ ಬಿಸಿಲಿಲ್ಲ, ಕೂಸಿಗೂ ಇಲ್ಲ. ಎದೆಹಾಲು ಎಷ್ಟೇ ಶ್ರೇಷ್ಠವಾದರೂ ಅದರಲ್ಲಿ ಡಿ ಬಹಳ ಕಡಿಮೆ. ಅದಕ್ಕೇ ಮಕ್ಕಳ ಡಾಕ್ಟರ್‌ಗಳು ದಿನಕ್ಕೆ 400 ಯೂನಿಟ್ ಹನಿ ಔಷಧಿ ಬರೆದುಕೊಡುತ್ತಾರೆ. ಅದನ್ನು ಅರ್ಧಕ್ಕೆ ಬಿಡಬಾರದು.

ಮೆಡಿಕಲ್ ಶಾಪಿನಲ್ಲಿ ಸಿಗುವ 60,000 ಯೂನಿಟ್ ಪುಡಿ ಪ್ಯಾಕೆಟ್ ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವೇ ವಾರಗಳಿಗೆ. ‘ನೋವು ಕಡಿಮಿ ಆಗಿಲ್ಲ’ ಅಂತ ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ ಶುರುವಾಗುತ್ತದೆ. ಕಿಡ್ನಿಗೂ ಪೆಟ್ಟು.

ರಾಯಚೂರು ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದಲೂ ಕೀಲು, ಬೆನ್ನು ಹಿಡಿದುಕೊಳ್ಳುತ್ತವೆ. ಕ್ಯಾಲ್ಸಿಯಂ, ಡಿ ಕಡಿಮೆ ಇದ್ದವರಿಗೆ ಫ್ಲೋರೈಡಿನ ಹಾನಿಯೂ ಜಾಸ್ತಿ. ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳಿದ್ದು ದೊಡ್ಡವರಿಗೆ ಕುತ್ತಿಗೆ, ಬೆನ್ನು ಬಗ್ಗದಂತಾಗಿದ್ದರೆ ಬರೀ ಡಿ ಗುಳಿಗೆ ನುಂಗಿದರೆ ಸಾಲದು. ನೀರನ್ನೂ ಪರೀಕ್ಷೆ ಮಾಡಿಸಬೇಕು. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಬಂದರೆ ಆ ನೀರು ಕುಡಿಯಲು, ಅಡುಗೆಗೆ ಬೇಡ.