ಯೂನಿವರ್ಸಲ್ ಸಿಟಿಯ ಪ್ರೇಕ್ಷಕರು

ಲಾಸ್ ಏಂಜಲೀಸ್ ನಗರದಲ್ಲಿ ಹಾಲಿವುಡ್ಡಿನ ಗುಡ್ಡಗಳನ್ನು ಸೀಳಿ ಹೋಗುವ ಕಹುವೆಂಗಾ ಕಣಿವೆಯನ್ನು ದಾಟಿದೊಡನೆ ಎದುರಾಗುವ ಯೂನಿವರ್ಸಲ್ ಸ್ಟುಡಿಯೋಸ್ ಎಂಬ ವಿಹಾರೋದ್ಯಾನವು, ಮಕ್ಕಳು ಮೊಮ್ಮಕ್ಕಳನ್ನು ಕಾಣಲೆಂದು ಕ್ಯಾಲಿಫೋರ್ನಿಯಕ್ಕೆ ತೆರಳುವ ನಮ್ಮ ನಾಡಿನ ಹಿರಿಯರಿಗೆ ಅಪರಿಚಿತವಾದುದೇನಲ್ಲ. ಹೋಗಿಬಂದವರು ನೀರಿನಿಂದ ಮೇಲೇಳುವ ಶಾರ್ಕ್ ಮೀನನ್ನೂ ಹ್ಯಾರಿ ಪಾಟರನ ಕೋಟೆಯನ್ನೂ ಬಣ್ಣಿಸುವರು. ಆದರೆ ಆ ಸ್ಥಳದ ನಿಜವಾದ ಹಿರಿಮೆ, ನಾನು ತಿಳಿದಮಟ್ಟಿಗೆ, ಈ ಕೌತುಕಗಳಲ್ಲಿಲ್ಲ. ಚಲಚ್ಚಿತ್ರವೆಂಬ ಕಸುಬನ್ನು ಅದು ನಡೆಯುತ್ತಿರುವ ಕಡೆಯಲ್ಲಿಯೇ ಕುಳಿತು ನೋಡುವ ಹಕ್ಕನ್ನು ಸಾಮಾನ್ಯ ಮನುಷ್ಯನಿಗೆ ಅದು ಒಂದು ಕಾಲದಲ್ಲಿ ಕೊಟ್ಟಿತ್ತೆಂಬುದರಲ್ಲಿದೆ.

ಕೊಟ್ಟವನು ಕಾರ್ಲ್ ಲೆಮ್ಲಿ. ಜರ್ಮನಿಯ ಲೌಪ್‌ಹೈಮ್ ಎಂಬ ಸಣ್ಣ ಊರಿನ ಯೆಹೂದಿ ಮನೆತನದಲ್ಲಿ 1867ರಲ್ಲಿ ಜನಿಸಿ, ಹದಿಹರೆಯದಲ್ಲಿಯೇ ಸಮುದ್ರವನ್ನು ದಾಟಿ, ಅಮೆರಿಕದ ಆಷ್‌ಕಾಷ್ ಎಂಬಲ್ಲಿ ಬಟ್ಟೆಯಂಗಡಿಯೊಂದನ್ನು ನೋಡಿಕೊಳ್ಳುತ್ತಿದ್ದ ಈತನು, 1906ರಲ್ಲಿ ಷಿಕಾಗೋದಲ್ಲಿ ಪುಟ್ಟದೊಂದು ಚಿತ್ರಮಂದಿರವನ್ನು ತೆರೆದನು. ಚಲಚ್ಚಿತ್ರೋದ್ಯಮದ ಮೇಲೆ ಎಡಿಸನ್ನನ ಪಕ್ಷದವರಿಗಿದ್ದ ಏಕಸ್ವಾಮ್ಯದೊಡನೆ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಸೆಣಸಿದನು. 1912ರಲ್ಲಿ ಇತರರೊಡಗೂಡಿ ಯೂನಿವರ್ಸಲ್ ಕಂಪನಿಯನ್ನು ಸ್ಥಾಪಿಸಿದನು. ಬಳಿಕ 230 ಎಕರೆಯ ಬೀಡುಭೂಮಿಯೊಂದನ್ನು ಕೊಂಡು, 1915ರ ಮಾರ್ಚ್ 15ರಂದು, ಚಿತ್ರಗಳನ್ನು ತಯಾರಿಸುವುದಕ್ಕೆಂದೇ ಕಟ್ಟಿದ ಯೂನಿವರ್ಸಲ್ ಸಿಟಿಯ ಬಾಗಿಲನ್ನು ಸಾವಿರಾರು ಜನರ ಸಮ್ಮುಖದಲ್ಲಿ ತೆರೆದನು.

ಅಂಗಡಿಯಲ್ಲಿ ನಿಂತು ಗಿರಾಕಿಯ ಮನಸ್ಸನ್ನು ಬಲ್ಲವನಿಗೆ ಮಾತ್ರ ಹೊಳೆಯಬಹುದಾದ ಯೋಚನೆಯೊಂದು ಆತನಿಗೆ ಹೊಳೆಯಿತು. ಇಪ್ಪತ್ತೈದು ಸೆಂಟು ಕೊಟ್ಟವರಿಗೆ ಷೂಟಿಂಗ್ ನಡೆಯುವ ಕಟ್ಟೆಯೆದುರು ಮೆಟ್ಟಿಲುಸಾಲಿನ ಆಸನ. ಜೊತೆಗೆ ಪೆಟ್ಟಿಗೆಯಲ್ಲಿ ಕಟ್ಟಿಕೊಟ್ಟ ಕೋಳಿಮಾಂಸದ ಊಟ. ಅದು ಮೂಕಚಿತ್ರಗಳ ಯುಗವಾದುದರಿಂದ ನೋಡುವವರು ಬಾಯಿಕಟ್ಟಿ ಕೂರಬೇಕಾಗಿರಲಿಲ್ಲ. ಕುದುರೆಯೇರಿ ಬರುವ ವೀರನನ್ನು ಕೂಗಿ ಹುರಿದುಂಬಿಸಬಹುದಾಗಿತ್ತು, ಖಳನನ್ನು ಮನಬಂದಂತೆ ಬಯ್ಯಬಹುದಾಗಿತ್ತು. ಕ್ಯಾಮೆರಕ್ಕೆ ಕಣ್ಣಿತ್ತೇ ಹೊರತು ಕಿವಿಯಿರಲಿಲ್ಲ. ನಟನು ಎಡವಿದುದು, ನಿರ್ದೇಶಕನು ಸಿಡುಕಿದುದು, ಅದೇ ಹೊಡೆದಾಟವನ್ನು ಮರಳಿ ಮರಳಿ ಆಡಿಸಿದುದು, ಎಲ್ಲವೂ ಹಾಡುಹಗಲಿನಲ್ಲಿ ಅವರ ಕಣ್ಣೆದುರಿಗೇ ನಡೆಯುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಯಕ್ಷಗಾನದ ಚೌಕಿಗೆ ಇಣುಕಿ ವೇಷಗಾರನು ಬಣ್ಣ ಬಳಿದುಕೊಳ್ಳುವುದನ್ನು ನೋಡುವ ಹುಡುಗರು ಅನುಭವಿಸುವ ಸಂತೋಷವೇ ಇದು. ಅದರಿಂದ ಆಟದ ಮೋಹ ಹೆಚ್ಚುವುದೇ ಹೊರತು ಕುಂದುವುದಿಲ್ಲ.

ಇಪ್ಪತ್ತರ ದಶಕದ ಕೊನೆಯಲ್ಲಿ ವಾಕ್ಚಿತ್ರವು ಬಂದಿತು. ಒಂದು ಕೆಮ್ಮು ಸಹ ಧ್ವನಿಮುದ್ರಣವನ್ನು ಕೆಡಿಸಬಲ್ಲುದಾದ ಮೇಲೆ ಹೊರಗಿನವರಿಗೆ ಅಲ್ಲಿ ಎಡೆಯೆಲ್ಲಿಯದು? ಬಾಗಿಲು ಮುಚ್ಚಿತು. 1936ರಲ್ಲಿ ಸಂಸ್ಥೆಯೇ ಲೆಮ್ಲಿಯ ಕೈತಪ್ಪಿತು. ತನ್ನ ಕೊನೆಯ ವರ್ಷಗಳಲ್ಲಿ ಆತನು ಹಿಟ್ಲರನ ಜರ್ಮನಿಯಿಂದ ಪಾರಾಗಲೆಳಸಿದ ನೂರಾರು ಯೆಹೂದಿಗಳಿಗೆ ಅಮೆರಿಕದ ಪ್ರವೇಶ ದೊರೆಯುವಂತೆ ಹೊಣೆಪತ್ರಗಳನ್ನು ಬರೆದುಕೊಟ್ಟನೆಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸೊಪ್ಪದು. ಆತನು ತೀರಿಕೊಂಡುದು 1939ರಲ್ಲಿ.

ಬಾಗಿಲು ಪುನಃ ತೆರೆದುದು 1964ರ ಜುಲೈ 15ರಂದು. ಅಷ್ಟರಲ್ಲಿ ಎಂ.ಸಿ.ಎ. ಸಂಸ್ಥೆಯು ಭೂಮಿಯನ್ನೂ ಕಂಪನಿಯನ್ನೂ ಕೊಂಡುಕೊಂಡಿತ್ತು. ಗುಲಾಬಿ ಮತ್ತು ಬಿಳಿಯ ಬಣ್ಣದ ಟ್ರ್ಯಾಮುಗಳು ಪ್ರೇಕ್ಷಕರನ್ನು ಹೊತ್ತು, ಮುಂಗೋಡೆಯಷ್ಟೇ ಇದ್ದು ಹಿಂದೆ ಆನಿಕೆಯ ಮರಗಳು ಮಾತ್ರವಿರುವ ಬೀದಿಗಳ ನಡುವೆ ಸುತ್ತಾಡಿಸತೊಡಗಿದವು. ಕೌಬಾಯ್ ಬೀದಿಯ ಒಂದು ಬದಿಯ ಬಾಗಿಲುಗಳನ್ನು ನಾಯಕನು ಎತ್ತರವಾಗಿ ಕಾಣಲೆಂದು ಕಿರಿದಾಗಿಯೂ, ಇನ್ನೊಂದು ಬದಿಯವನ್ನು ನಾಯಿಕೆಯು ಕೋಮಲವಾಗಿ ಕಾಣಲೆಂದು ಹಿರಿದಾಗಿಯೂ ಮಾಡಿದೆಯೆಂದು ಮಾರ್ಗದರ್ಶಕರು ಹೇಳುವುದುಂಟು. ಇಂತಹ ಮಾತನ್ನು ಕೇಳಿದವನು ಆಮೇಲೆ ಯಾವ ಚಿತ್ರವನ್ನೂ ಮುನ್ನಿನ ಕಣ್ಣಿನಿಂದ ನೋಡಲಾರನು.

ಆದರೆ ಬಂದವರಿಗೆಲ್ಲ ನಿಜವಾದ ಷೂಟಿಂಗ್ ದಿನವೂ ತೋರಿಸುವುದು ಸಾಧ್ಯವೇ? ಆ ಕೊರತೆಯನ್ನು ನೀಗಲು ಪ್ರೇಕ್ಷಕರಿಗಾಗಿಯೇ ಕೌತುಕಗಳು ಹುಟ್ಟಿದವು: 1973ರಲ್ಲಿ ಟ್ರ್ಯಾಮಿಗೆ ದಾರಿ ಬಿಟ್ಟು ಇಬ್ಭಾಗವಾಗುವ ಸರೋವರ, 1976ರಲ್ಲಿ ಶಾರ್ಕ್, 1986ರಲ್ಲಿ ಬಾಳೆಯ ಹಣ್ಣಿನ ವಾಸನೆಯ ಉಸಿರು ಬಿಡುವ ಬೃಹದಾಕಾರದ ಕಿಂಗ್ ಕಾಂಗ್. ಯಂತ್ರವಾದರೂ ಅದಕ್ಕೆ ಮೈಯಿತ್ತು, ಭಾರವಿತ್ತು. 2008ರ ಜೂನ್ 1ರ ಬೆಂಕಿಯಲ್ಲಿ ಅದು ನ್ಯೂಯಾರ್ಕ್ ಬೀದಿಯ ಸೆಟ್ಟುಗಳೊಡನೆ ಭಸ್ಮವಾಯಿತು. ಎರಡು ವರ್ಷಗಳ ತರುವಾಯ ಅದರ ಸ್ಥಾನಕ್ಕೆ ಬಂದುದು ಪರದೆಯ ಮೇಲಿನ ಬಿಂಬ. ಕಸುಬನ್ನು ಕಾಣಲು ಬಂದವನು ಹೀಗೆ ಮತ್ತೆ ಪರದೆಯ ಮುಂದೆಯೇ ಕುಳಿತನು.

ಇದೇ ಆವರಣದ 28ನೆಯ ಸ್ಟೇಜು 1925ರ ‘ಫ್ಯಾಂಟಮ್ ಆಫ್ ದಿ ಆಪೆರ’ ಎಂಬ ಮೂಕಚಿತ್ರಕ್ಕಾಗಿ ಕಟ್ಟಿದುದು. ಒಳಗೆ ನಿರ್ಮಿಸಿದ ಪ್ಯಾರಿಸ್ ನಾಟಕಶಾಲೆಯ ಉಪ್ಪರಿಗೆಗಳಲ್ಲಿ ಕಿಕ್ಕಿರಿಯಲಿದ್ದ ಸಹನಟರ ಭಾರವನ್ನು ಮರದ ಚೌಕಟ್ಟು ತಾಳಲಾರದೆಂದು ಉಕ್ಕಿನ ತೊಲೆಗಳನ್ನು ಕಾಂಕ್ರೀಟಿನಲ್ಲಿ ನಾಟಿ ಎಬ್ಬಿಸಿದರು. ಲಾನ್ ಚೇನಿಯು ಅಸ್ಥಿಪಂಜರದಂತಹ ಮುಖವನ್ನು ತಾನೇ ಬರೆದುಕೊಂಡು ಅಭಿನಯಿಸಿದ ಆ ಚಿತ್ರದ ಉಪ್ಪರಿಗೆಗಳು ಸುಮಾರು ತೊಂಬತ್ತು ವರ್ಷ ಅಲ್ಲಿಯೇ ನಿಂತಿದ್ದವು. 2014ರಲ್ಲಿ ಉದ್ಯಾನದ ವಿಸ್ತರಣೆಗಾಗಿ ಕಟ್ಟಡವನ್ನು ಕೆಡವಿದಾಗ ಅವನ್ನು ಬಿಚ್ಚಿ ಜೋಪಾನವಾಗಿ ತೆಗೆದಿರಿಸಲಾಯಿತು. ಅವನ್ನು ಮರಳಿ ಜೋಡಿಸಿ ಸಂದರ್ಶಕರ ಕಣ್ಣಿಗೆ ಬೀಳುವಂತೆ ನಿಲ್ಲಿಸಬೇಕು. ಕೋಟೆಗಿಂತ ಮೊದಲು ನಾನು ನೋಡಬಯಸುವುದು ಅವನ್ನೇ.