ಟಿಕ್ ಮಾಡಿದ್ರೂ ಕೇಳದ ಎ3ಡಿ

ಕೌಂಟರ್ ಸ್ಟ್ರೈಕ್ 1.6 ಆಡಿದವರಿಗೆ ಅದರ ಆಡಿಯೋ ಸೆಟ್ಟಿಂಗ್ಸ್ ನೆನಪಿರಬಹುದು. ವಾಲ್ಯೂಮಿನ ಗೆರೆಗಳ ಜೊತೆಗೆ ಎರಡು ಪುಟ್ಟ ಚೌಕ. ಒಂದು ಇಎಎಕ್ಸ್, ಇನ್ನೊಂದು ಎ3ಡಿ. 2004ರಲ್ಲಿ ಮಣಿಪಾಲದ ಟೈಗರ್ ಸರ್ಕಲ್ ಹತ್ತಿರದ ಒಂದು ಸೈಬರಿನಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಆಡ್ತಿದ್ದ ನಾವು ಎರಡಕ್ಕೂ ಟಿಕ್ ಹಾಕ್ತಿದ್ದೆವು. ಎಂತಕ್ಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಕಿದರೆ ಏನೋ ಒಳ್ಳೇದಾಗ್ತದೆ ಅನ್ನುವ ನಂಬಿಕೆ, ಮಠದಲ್ಲಿ ಒಂದು ಸುತ್ತು ಹೆಚ್ಚಿಗೆ ಬಂದ ಹಾಗೆ. ಎ3ಡಿ ಮಾಡಿದ ಕಂಪೆನಿ ಮುಚ್ಚಿ ಆಗಲೇ ನಾಲ್ಕು ವರ್ಷ ಆಗಿತ್ತು ಅಂತ ನನಗೆ ತಿಳಿದದ್ದು ಎಷ್ಟೋ ಕಾಲದ ನಂತರ.

ನಮ್ಮ ಗುಂಪಿನಲ್ಲಿ ಕಾರ್ಕಳದವನೊಬ್ಬ ಇದ್ದ. ಎದುರಿಗೆ ಬಂದವನನ್ನು ಬಿಡುವ ಜನ ಅಲ್ಲ, ಗುರಿ ಅಷ್ಟು ಚಂದ. ಆದರೆ ಹಿಂದಿನಿಂದ ಬಂದವನ ಕೈಯಲ್ಲಿ ಪ್ರತಿಸಲ ಸಾಯ್ತಿದ್ದ. "ಹೆಜ್ಜೆ ಸೌಂಡ್ ಕೇಳ್ಲಿಲ್ವಾ ಮಾರಾಯ, ನೀನೆಂತ ಕೆಪ್ಪನಾ?" ಅಂತ ನಾವು ಬೈಯ್ಯುವುದು, ಅವ ನಗುವುದು. ಒಂದು ಸೆಮಿಸ್ಟರ್ ಪೂರ್ತಿ ಹೀಗೇ ನಡೆಯಿತು. ಆಮೇಲೆ ಒಂದು ದಿನ ಬಸ್ಸಿಗೆ ಕಾಯುವಾಗ ಅವನೇ ಹೇಳಿದ: ಚಿಕ್ಕವನಿದ್ದಾಗ ಮಂಗನಬಾವು ಬಂದು ಎಡಗಿವಿ ಪೂರ್ತಿ ಹೋಗಿದೆ. ನಮ್ಮ ಬಾಯಿ ಬಂದ್.

ಶಬ್ದ ಎಲ್ಲಿಂದ ಬಂತು ಅಂತ ನಮಗೆ ಗೊತ್ತಾಗುವುದು ಹೇಗೆ? ಇಂಗ್ಲೆಂಡಿನ ಲಾರ್ಡ್ ರೇಲೀ 1907ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟ. ಎಡಗಡೆಯ ಶಬ್ದ ಎಡಗಿವಿಗೆ ಸ್ವಲ್ಪ ಮೊದಲು ಮುಟ್ಟುತ್ತದೆ, ಸ್ವಲ್ಪ ಜೋರಾಗಿಯೂ ಮುಟ್ಟುತ್ತದೆ. ಸಮಯದ ಆ ವ್ಯತ್ಯಾಸ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಕ್ಕಾಲಿನಷ್ಟೂ ಇಲ್ಲ. ಮಿದುಳಿಗೆ ಅಷ್ಟು ಸಾಕು. ಎದುರು, ಹಿಂದೆ, ಮೇಲೆ, ಕೆಳಗೆ ಅನ್ನುವುದನ್ನು ಹೊರಕಿವಿಯ ಮಡಿಕೆಗಳು ಶಬ್ದವನ್ನು ತಿದ್ದುವ ರೀತಿಯಿಂದ ತಿಳಿಯುತ್ತೇವೆ. ಒಂದೇ ಕಿವಿ ಇದ್ದವನಿಗೆ ಮೊದಲಿನ ಎರಡು ಲೆಕ್ಕವೂ ಇಲ್ಲ. ಹೆಡ್‌ಫೋನ್ ಹಾಕಿದರೆ ಮುಗಿಯಿತು, ಅರ್ಧ ಜಗತ್ತು ಬಂದ್.

ಎ3ಡಿಯ ಬೇರು ಇರುವುದು ನಾಸಾದಲ್ಲಿ. 1980ರ ದಶಕದ ಕೊನೆಗೆ ಅಲ್ಲಿನ ಏಮ್ಸ್ ಸಂಶೋಧನಾ ಕೇಂದ್ರದ ಎಲಿಜಬೆತ್ ವೆನ್ಜೆಲ್ ಮತ್ತು ಕ್ರಿಸ್ಟಲ್ ರಿವರ್ ಎಂಜಿನಿಯರಿಂಗ್‌ನ ಸ್ಕಾಟ್ ಫಾಸ್ಟರ್ ಸೇರಿ ಕನ್ವಾಲ್ವೊಟ್ರಾನ್ ಅನ್ನುವ ಯಂತ್ರ ತಯಾರಿಸಿದ್ದರು. ಕಿವಿ ಶಬ್ದಕ್ಕೆ ಮಾಡುವ ತಿದ್ದುಪಡಿಯನ್ನು ಮೊದಲೇ ಅಳೆದಿಟ್ಟು, ಅದನ್ನು ಯಂತ್ರವೇ ಮಾಡಿ ಹೆಡ್‌ಫೋನಿಗೆ ಕಳಿಸುವುದು ಅದರ ಕೆಲಸ. ಆಗ ಶಬ್ದ ತಲೆಯ ಒಳಗಲ್ಲ, ಹೊರಗೆ ಎಲ್ಲೋ ಇದ್ದ ಹಾಗೆ ಅನಿಸುತ್ತದೆ. ಇಂಥ ಅಳತೆಗಳಲ್ಲಿ ತುಂಬ ಬಳಕೆಗೆ ಬಂದದ್ದು 1994ರಲ್ಲಿ ಎಂಐಟಿಯವರು ಮಾಡಿದ್ದು. ನಮ್ಮ ಮಣಿಪಾಲದ ಎಂಐಟಿ ಅಲ್ಲ, ಅಮೆರಿಕದ್ದು. ಕೆಮಾರ್ ಅನ್ನುವ ಬೊಂಬೆಯ ಕಿವಿಯೊಳಗೆ ಮೈಕ್ ಇಟ್ಟು, ಸುತ್ತಲಿನ 710 ಜಾಗಗಳಿಂದ ಶಬ್ದ ಬಿಟ್ಟು ದಾಖಲಿಸಿ, ಎಲ್ಲರಿಗೂ ಪುಕ್ಕಟೆ ಕೊಟ್ಟರು. ಆ ಬೊಂಬೆಗೆ ಎರಡು ಕಿವಿ ಇತ್ತು ಅಂತ ಬೇರೆ ಹೇಳಬೇಕಾಗಿಲ್ಲ.

1996ರಲ್ಲಿ ಕ್ರಿಸ್ಟಲ್ ರಿವರ್ ಕಂಪೆನಿಯನ್ನು ಆರಿಯಲ್ ಕೊಂಡುಕೊಂಡಿತು. ಮರುವರ್ಷ ಅದರ ವೋರ್ಟೆಕ್ಸ್ ಚಿಪ್ ಬಂತು, 1998ರಲ್ಲಿ ವೋರ್ಟೆಕ್ಸ್ 2. ಎ3ಡಿಯ ಎರಡನೇ ಆವೃತ್ತಿ ಆಟದೊಳಗಿನ ಗೋಡೆ, ನೆಲ, ಬಾಗಿಲು ಎಲ್ಲಿವೆ ಅಂತ ನೋಡಿ, ಶಬ್ದ ಯಾವುದಕ್ಕೆ ತಾಗಿ ಹೇಗೆ ವಾಪಸ್ ಬರುತ್ತದೆ ಅನ್ನುವುದನ್ನೇ ಲೆಕ್ಕ ಹಾಕುತ್ತಿತ್ತು. ಅದೇ ವರ್ಷದ ನವೆಂಬರಿನಲ್ಲಿ ಹಾಫ್‌ಲೈಫ್ ಬಂತು. ಎ3ಡಿ, ಇಎಎಕ್ಸ್ ಎರಡಕ್ಕೂ ಅದರಲ್ಲಿ ಜಾಗ ಇತ್ತು. ಅದರ ಮೇಲೆ ಕಟ್ಟಿದ ಕೌಂಟರ್ ಸ್ಟ್ರೈಕಿಗೂ ಆ ಎರಡು ಚೌಕ ಬಳುವಳಿಯಾಗಿ ಬಂತು.

ಇಎಎಕ್ಸ್ ಸಿಂಗಾಪುರದ ಕ್ರಿಯೇಟಿವ್ ಕಂಪೆನಿಯದು, ಸೌಂಡ್ ಬ್ಲಾಸ್ಟರ್ ಮಾಡಿದವರು. ಅವರ ದಾರಿ ಸುಲಭದ್ದು. ಗೋಡೆ ಲೆಕ್ಕ ಹಾಕುವ ತಲೆಬಿಸಿ ಇಲ್ಲ, ಜಾಗದ ಹೆಸರು ಹೇಳಿದರೆ ಅದಕ್ಕೆ ತಕ್ಕ ಪ್ರತಿಧ್ವನಿ. 26 ಬಗೆ ಇದ್ದವು. ಬಾತ್‌ರೂಮ್, ಗುಹೆ, ಕಲ್ಲಿನ ಕೋಣೆ, ಕಾಡು, ಚರಂಡಿ ಪೈಪು, ನೀರೊಳಗೆ. ತಲೆ ತಿರುಗಿದವನಿಗೆ ಕೇಳುವುದು ಅಂತಲೂ ಒಂದಿತ್ತು! ಕಾರ್ಕಳದ ಚತುರ್ಮುಖ ಬಸದಿಗೆ ಹೋದಾಗಲೆಲ್ಲ ನನಗೆ ಈ ಪಟ್ಟಿ ನೆನಪಾಗುತ್ತದೆ. 1586ರಲ್ಲಿ ಕಟ್ಟಿದ್ದು, ಪೂರ್ತಿ ಕಲ್ಲು, ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಒಳಗೆ ನಿಂತು ಯಾರಾದರೂ ಮಾತಾಡಿದರೆ ಒಂದು ಕಂಬದಿಂದ ಇನ್ನೊಂದಕ್ಕೆ ಬರುವಾಗಲೇ ಸ್ವರ ಬದಲಾಗ್ತದೆ. ಇಎಎಕ್ಸ್ ಅದನ್ನು "ಕಲ್ಲಿನ ಕೋಣೆ" ಅಂತ ಒಂದೇ ಮಾತಲ್ಲಿ ಮುಗಿಸುತ್ತಿತ್ತು. ಎ3ಡಿ ಕಂಬಗಳ ಲೆಕ್ಕ ಹಾಕಲಿಕ್ಕೆ ಹೋಗುತ್ತಿತ್ತು. ನನ್ನ ಓಟು ಯಾವತ್ತೂ ಎ3ಡಿಗೆ.

ಗೆದ್ದದ್ದು ಮಾತ್ರ ಇಎಎಕ್ಸ್. ಪೇಟೆಂಟ್ ಉಲ್ಲಂಘನೆ ಅಂತ ಕ್ರಿಯೇಟಿವ್ 1998ರಲ್ಲಿ ಆರಿಯಲ್ ಮೇಲೆ ಕೇಸು ಹಾಕಿತು. 1999ರ ಡಿಸೆಂಬರಿನಲ್ಲಿ ಆರಿಯಲ್ ಕೇಸು ಗೆದ್ದಿತು. ಆದರೆ ವಕೀಲರ ಖರ್ಚಿಗೇ ಸೊಂಟ ಮುರಿದಿತ್ತು. 2000ದ ಏಪ್ರಿಲಿನಲ್ಲಿ ದಿವಾಳಿ, ಸೆಪ್ಟೆಂಬರಿನಲ್ಲಿ ಉಳಿದದ್ದನ್ನೆಲ್ಲ ಸುಮಾರು 3.2 ಕೋಟಿ ಡಾಲರಿಗೆ ಕ್ರಿಯೇಟಿವ್ ಕಂಪೆನಿಯೇ ಕೊಂಡುಕೊಂಡಿತು. ಜಾಗದ ತಕರಾರಿನಲ್ಲಿ ಡಿಕ್ರಿ ಸಿಕ್ಕಿಯೂ ಜಾಗ ಮಾರಿದವರನ್ನು ನಮ್ಮೂರಲ್ಲಿ ಕಂಡವರಿಗೆ ಇದರಲ್ಲಿ ಹೊಸತೇನಿಲ್ಲ.

ಆಮೇಲೆ ಮಾರುಕಟ್ಟೆಗೆ ಬೇಕಾದದ್ದು ಲೆಕ್ಕ ಅಲ್ಲ, ಸಂಖ್ಯೆ. 4.1, 5.1, 7.1. ಉಡುಪಿಯ ಮನೆಮನೆಗಳಲ್ಲಿ 5.1 ಸೆಟ್ ಬಂತು. ಬಂದದ್ದು ಎಲ್ಲಿಗೆ? ಟಿವಿ ಶೋಕೇಸಿಗೆ. ಐದು ಸ್ಪೀಕರೂ ಒಂದೇ ಸಾಲಲ್ಲಿ, ನಡುವೆ ಪ್ಲಾಸ್ಟಿಕ್ ಹೂವು, ಒಂದರ ಮೇಲೆ ತಿರುಪತಿಯ ಬೊಂಬೆ. ಹಿಂದೆ ಇಡಬೇಕಾದದ್ದನ್ನು ಹಿಂದೆ ಇಟ್ಟ ಮನೆ ನಾನು ಕಂಡದ್ದು ಒಂದೇ, ಕಾರ್ಕಳದ ಆ ಗೆಳೆಯನದ್ದು.

2005ರ ಮಳೆಗಾಲದ ರಜೆಯಲ್ಲಿ ಅವನಿಂದ ಫೋನು. "5.1 ತಗೊಂಡಿದ್ದೇನೆ, ಬಾ. ಹಿಂದಿನ ಸ್ಪೀಕರ್ ಮಾತಾಡುವುದಿಲ್ಲ." ಅವನ ಲೆಕ್ಕಾಚಾರ ಸರಳ. ಹೆಡ್‌ಫೋನಿನಲ್ಲಿ ದಿಕ್ಕು ಅನ್ನುವುದು ಎರಡು ಕಿವಿಯ ನಡುವೆ ಮಾಡುವ ಜಾದು, ಅದು ಅವನಿಗೆ ಸಿಗುವುದಿಲ್ಲ. ಆದರೆ ಹಿಂದೆ ನಿಜವಾಗಿಯೇ ಒಂದು ಸ್ಪೀಕರ್ ಇದ್ದರೆ? ಕಾಪುವಿನಿಂದ ಎರಡು ಬಸ್ಸು ಬದಲಿಸಿ ಹೋದೆ.

ತಪ್ಪು ಮೂರು ಕಡೆ ಇತ್ತು. ಒಂದನೆಯದು ಪಿನ್ನು. ಸ್ಪೀಕರಿನಿಂದ ಬರುವ ವಯರು ಹಸಿರು, ಕಪ್ಪು, ಕಿತ್ತಳೆ. ಅವನ ಮದರ್‌ಬೋರ್ಡಿನಲ್ಲಿದ್ದ ತೂತು ಹಸಿರು, ನೀಲಿ, ಗುಲಾಬಿ. ಮೂರೇ ತೂತಿನ ಬೋರ್ಡಿನಲ್ಲಿ 5.1 ಬೇಕಾದರೆ ಲೈನ್ ಇನ್ನಿನ ನೀಲಿ ಹಿಂದಿನ ಸ್ಪೀಕರಿಗೆ ಹೋಗ್ತದೆ, ಮೈಕಿನ ಗುಲಾಬಿ ನಡುವಿನದ್ದಕ್ಕೂ ಸಬ್‌ವೂಫರಿಗೂ. ಅಂದರೆ ಕಪ್ಪು ನೀಲಿಗೆ, ಕಿತ್ತಳೆ ಗುಲಾಬಿಗೆ. ಮೈಕಿನ ಆಸೆ ಬಿಡಬೇಕು. ಅಂಗಡಿಯವ ಬಣ್ಣಕ್ಕೆ ಬಣ್ಣ ಸೇರಿಸಿ ಅಂತ ಮಾತ್ರ ಹೇಳಿ ಕಳಿಸಿದ್ದ. ಎರಡನೆಯದು ವಿಂಡೋಸ್ ಎಕ್ಸ್‌ಪಿಯ ಕಂಟ್ರೋಲ್ ಪ್ಯಾನೆಲ್. ಸೌಂಡ್ಸ್ ಒಳಗೆ, ಸ್ಪೀಕರ್ ಸೆಟ್ಟಿಂಗ್ಸ್ ಒಳಗೆ, ಅಡ್ವಾನ್ಸ್ಡ್ ಒಳಗೆ ಹೋಗಿ ನೋಡಿದರೆ ಅದು ಇನ್ನೂ ಎರಡು ಸ್ಪೀಕರ್ ಅಂತಲೇ ಕೂತಿತ್ತು. ಅಲ್ಲಿ 5.1 ಅನ್ನದೆ ಎಷ್ಟು ವಯರು ಸಿಕ್ಕಿಸಿದರೂ ಹಿಂದಕ್ಕೆ ಏನೂ ಹೋಗುವುದಿಲ್ಲ. ಮೂರನೆಯದು ಆಟದೊಳಗೆ. ಅವ ಆಗ 2004ರಲ್ಲಿ ಬಂದ ಕೌಂಟರ್ ಸ್ಟ್ರೈಕ್: ಸೋರ್ಸ್ ಆಡ್ತಿದ್ದ. ಅದರ ಆಡಿಯೋ ಪುಟದಲ್ಲಿ ಹೆಡ್‌ಫೋನ್, 2, 4, 5.1, 7.1 ಅಂತ ಪಟ್ಟಿ ಇತ್ತು. ಅಲ್ಲಿಯೂ ಬದಲಿಸಿದೆವು.

ಇನ್ನು ಜಾಗ. ಎದುರಿನವು ನಡುಗೆರೆಯಿಂದ 30 ಡಿಗ್ರಿ ಆಚೀಚೆ, ಹಿಂದಿನವು ಸುಮಾರು 110 ಡಿಗ್ರಿ ಅನ್ನುವುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅಂದರೆ ಬೆನ್ನ ಹಿಂದೆ ಅಲ್ಲ, ಕಿವಿಯಿಂದ ಸ್ವಲ್ಪವೇ ಹಿಂದೆ. ಅವನ ಕೋಣೆಯಲ್ಲಿ ಒಂದು ಕಡೆ ಗೋದ್ರೆಜ್ ಕಪಾಟು, ಇನ್ನೊಂದು ಕಡೆ ಕಿಟಕಿ. ಒಂದು ಸ್ಪೀಕರ್ ಕಪಾಟಿನ ಮೇಲೆ ಹತ್ತಿತು, ಇನ್ನೊಂದನ್ನು ಕಿಟಕಿಯ ಸರಳಿಗೆ ಕಟ್ಟಿದೆವು. ಶಬ್ದ ಒಂದು ಮಿಲಿಸೆಕೆಂಡಿಗೆ ಓಡುವುದು ಸುಮಾರು 34 ಸೆಂಟಿಮೀಟರ್, ಹಾಗಾಗಿ ಐದೂ ತಲೆಯಿಂದ ಒಂದೇ ದೂರದಲ್ಲಿದ್ದರೆ ಒಳ್ಳೇದು. ಅವನ ಅಮ್ಮನ ಹೊಲಿಗೆ ಟೇಪಿನಲ್ಲಿ ಅಳೆದು ಕುರ್ಚಿಯನ್ನೇ ಸರಿಸಿದೆವು. "ಗುಡಿಸುವುದು ಹೇಗೆ ಮಕ್ಕಳೇ ಈ ವಯರಿನ ಮಧ್ಯದಲ್ಲಿ?" ಅಂತ ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು. ಉತ್ತರ ಇರಲಿಲ್ಲ.

ಆಡಲು ಕೂತ. ನಾನು ಹಿಂದೆ ಮಂಚದ ಮೇಲೆ. ಹತ್ತು ನಿಮಿಷ ಮೊದಲಿನ ಹಾಗೇ ಸತ್ತ. ಆಮೇಲೆ ಒಂದು ವಿಚಿತ್ರ ಶುರು ಮಾಡಿದ. ಹೆಜ್ಜೆ ಕೇಳಿದ ಕೂಡಲೇ ತಲೆಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಹೊರಳಿಸುವುದು, ಕೋಳಿಯ ಹಾಗೆ. ಬಲಗಿವಿ ಸ್ಪೀಕರಿನ ಕಡೆ ಹೋದಾಗ ಶಬ್ದ ತಿಳಿಯಾಗ್ತದೆ, ಆಚೆ ಹೋದಾಗ ಮಂಕಾಗ್ತದೆ. ಅಷ್ಟರಲ್ಲಿ ದಿಕ್ಕು ಸಿಗ್ತದೆ. "ರಾತ್ರಿ ಗದ್ದೆಯಲ್ಲಿ ಆಟಕ್ಕೆ ಹೋಗುವಾಗ ಹೀಗೇ" ಅಂದ. ಯಕ್ಷಗಾನದ ಚೆಂಡೆ ಎಲ್ಲೋ ದೂರದಲ್ಲಿ ಕೇಳ್ತದೆ, ಯಾವ ಬಯಲು ಅಂತ ಗೊತ್ತಿಲ್ಲ, ಅವ ನಿಂತು ತಲೆ ಹೊರಳಿಸಿ ಅಣ್ಣಂದಿರಿಗೆ ದಾರಿ ತೋರಿಸ್ತಿದ್ದನಂತೆ. ತಲೆ ಅಲ್ಲಾಡಿಸುವುದರಿಂದಲೇ ಎದುರು-ಹಿಂದಿನ ಗೊಂದಲ ಬಗೆಹರಿಯುತ್ತದೆ ಅಂತ ಹ್ಯಾನ್ಸ್ ವಲಾಖ್ ಅನ್ನುವ ಮನಶ್ಶಾಸ್ತ್ರಜ್ಞ 1940ರಲ್ಲೇ ಬರೆದಿದ್ದಾನೆ. ಹೆಡ್‌ಫೋನ್ ಹಾಕಿದರೆ ತಲೆಯ ಜೊತೆ ಶಬ್ದವೂ ತಿರುಗುತ್ತದೆ, ಆ ಉಪಾಯ ನಡೆಯುವುದಿಲ್ಲ. ಕಪಾಟಿನ ಮೇಲಿನ ಸ್ಪೀಕರ್ ಮಾತ್ರ ಕೂತಲ್ಲೇ ಕೂತಿರ್ತದೆ.

ಆ ರಜೆ ಮುಗಿಯುವ ಹೊತ್ತಿಗೆ ಹಿಂದಿನಿಂದ ಅವನನ್ನು ಹೊಡೆಯುವುದು ಕಷ್ಟ ಆಗಿತ್ತು.

2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಅಂಗಡಿಗೆ ಬಂತು. ಸೌಂಡ್ ಡ್ರೈವರುಗಳಿಂದ ಇಡೀ ಕಂಪ್ಯೂಟರ್ ನಿಲ್ಲುವುದು ತಪ್ಪಲಿ ಅಂತ ಮೈಕ್ರೋಸಾಫ್ಟ್ ಆಡಿಯೋ ವ್ಯವಸ್ಥೆಯನ್ನೇ ಹೊಸದಾಗಿ ಬರೆದಿತ್ತು. ಉದ್ದೇಶ ಒಳ್ಳೆಯದೇ. ಆದರೆ ಆಟಗಳು ಸೌಂಡ್ ಕಾರ್ಡಿನ ಜೊತೆ ನೇರ ಮಾತಾಡುವ ಡೈರೆಕ್ಟ್‌ಸೌಂಡ್ ದಾರಿ ಅದರಲ್ಲಿ ಮುಚ್ಚಿಹೋಯಿತು. ಸೋರ್ಸ್ ತನ್ನ ಮಿಕ್ಸಿಂಗ್ ತಾನೇ ಮಾಡಿಕೊಳ್ಳುತ್ತಿದ್ದ ಕಾರಣ ಬಚಾವಾಯಿತು. ಆ ದಾರಿಯನ್ನೇ ನಂಬಿದ್ದ ಎಫ್.ಇ.ಎ.ಆರ್. ಥರದ ಆಟಗಳಲ್ಲಿ ಹಿಂದಿನ ಸ್ಪೀಕರ್ ಸುಮ್ಮನಾಯಿತು, ಇಎಎಕ್ಸ್ ಕೂಡ ಹೋಯಿತು. ಎ3ಡಿಯನ್ನು ಮುಳುಗಿಸಿದ ಕ್ರಿಯೇಟಿವ್ ಈಗ ತನ್ನದನ್ನು ಉಳಿಸಿಕೊಳ್ಳಲು ಆಲ್ಕೆಮಿ ಅನ್ನುವ ತೇಪೆ ಹಾಕಬೇಕಾಯಿತು. ಗೆಳೆಯನದ್ದು ಬೋರ್ಡಿನಲ್ಲೇ ಇರುವ ಆಡಿಯೋ, ಅವನಿಗೆ ಆ ತೇಪೆಯೂ ಸಿಗಲಿಲ್ಲ. ಎಕ್ಸ್‌ಪಿಗೇ ವಾಪಸ್ ಹೋದ.

ಆಮೇಲಿನದ್ದು ನಮಗೆಲ್ಲ ಗೊತ್ತಿರುವುದೇ. ಲ್ಯಾಪ್‌ಟಾಪ್, ಬೆಂಗಳೂರು, ಬಾಡಿಗೆ ಮನೆ, ತೆಳು ಗೋಡೆ, ಪಕ್ಕದ ಮನೆಯವರು. ಸ್ಪೀಕರ್ ಹೋಗಿ ಹೆಡ್‌ಸೆಟ್ ಬಂತು. 2016ರಲ್ಲಿ ಸಿಎಸ್:ಗೋ ಆಟಕ್ಕೆ ಕಿವಿಯ ಅಳತೆಯ ತ್ರೀಡಿ ಆಡಿಯೋ ಸೇರಿತು, 2017ರಲ್ಲಿ ವಿಂಡೋಸ್ ಒಳಗೇ ಸೋನಿಕ್ ಬಂತು. ಕೇಳಿದಾಗ ನನಗೆ ಖುಷಿಯಾಯಿತು, ಆರಿಯಲ್ ಬಿಟ್ಟುಹೋದ ಕೆಲಸ ಇದೇ ಅಲ್ವಾ ಅಂತ. ಅವನಿಗೆ ಫೋನ್ ಮಾಡಿ ಹೇಳಿದೆ. "ಒಳ್ಳೇದಾಯ್ತು, ನೀವು ಆಡಿ" ಅಂದ. ನಾನು ಯಾರಿಗೆ ಹೇಳ್ತಿದ್ದೇನೆ ಅಂತ ಹೊಳೆದದ್ದು ಫೋನಿಟ್ಟ ಮೇಲೆ. 2018ರಲ್ಲಿ ಫೋರ್ಟ್‌ನೈಟ್‌ನವರು ಮೊದಲು ಮೊಬೈಲಿಗೆ, ಆಮೇಲೆ ಉಳಿದವಕ್ಕೂ, ಹೆಜ್ಜೆ ಯಾವ ಕಡೆಯಿಂದ ಅಂತ ತೆರೆಯ ಮೇಲೆಯೇ ಗುರುತು ತೋರಿಸುವ ಸೌಲಭ್ಯ ಕೊಟ್ಟರು. ಅವ ಅದನ್ನು ಮೆಚ್ಚಿದ. ಆದರೆ ಅದು ನೋಡುವುದು, ಕೇಳುವುದು ಅಲ್ಲ ಅಂತಲೂ ಅಂದ.

ಕಳೆದ ದೀಪಾವಳಿಗೆ ಕಾರ್ಕಳಕ್ಕೆ ಹೋಗಿದ್ದೆ. ಅವನ ಮಗಳಿಗೆ ಈಗ ಒಂಬತ್ತು, ಆಟದ ಹುಚ್ಚು ಅಪ್ಪನದ್ದೇ. ಹಳೇ ಸ್ಪೀಕರ್ ಸೆಟ್ ಅಟ್ಟದಿಂದ ಇಳಿದಿತ್ತು. ಒಂದು ವಯರು ಇಲಿ ಕಡಿದದ್ದು, ಬೆಸುಗೆ ಹಾಕಿದೆವು. ಲ್ಯಾಪ್‌ಟಾಪಿಗೆ ಇರುವುದು ಒಂದೇ ತೂತು, ಹಾಗಾಗಿ ಉಡುಪಿಯಿಂದಲೇ ಯುಎಸ್‌ಬಿಯ 5.1 ಕಾರ್ಡ್ ಒಂದು ತಗೊಂಡು ಹೋಗಿದ್ದೆ. ಕಪಾಟು ಅದೇ, ಕಿಟಕಿಗೆ ಮಾತ್ರ ಈಗ ಸರಳಿಲ್ಲ, ಗಾಜು. ಒಂದು ಸ್ಟೂಲು ಇಟ್ಟೆವು. ವಿಂಡೋಸಿನಲ್ಲಿ 5.1 ಆರಿಸಿ ಟೆಸ್ಟ್ ಒತ್ತಿದೆ. ಎದುರಿನ ಎಡ, ಎದುರಿನ ಬಲ, ನಡು, ಸಬ್, ಹಿಂದಿನ ಎಡ. ಕುರ್ಚಿಯಲ್ಲಿ ಕೂತವ ತಲೆ ಹೊರಳಿಸಿದ, ಇನ್ನೊಮ್ಮೆ ಹೊರಳಿಸಿದ.

"ಹಿಂದಿನ ಎಡ, ಬಲದಿಂದ ಬರ್ತಾ ಉಂಟು" ಅಂದ.

ನನಗೆ ಎರಡು ಕಿವಿ ಇದ್ದೂ ಗೊತ್ತಾಗಿರಲಿಲ್ಲ. ಬಗ್ಗಿ ನೋಡಿದರೆ ಹಿಂದಿನ ಎರಡು ವಯರು ಅದಲುಬದಲಾಗಿತ್ತು.